ಟೀಚರ್ ಕಳಿಸಿದ ಚಿತ್ರ

ಮುಚ್ಚಿದ್ದು ಯಾವುದನ್ನು ಕಂಡರೂ ನನ್ನ ಅಕ್ಕನಿಗೆ ಸುಮ್ಮನಿರಲು ಆಗುವುದಿಲ್ಲ. ಬೀಗ ರಿಪೇರಿ ಅವಳ ಕಸುಬಾದದ್ದು ಊರಿನ ಪುಣ್ಯ. ಇಲ್ಲದಿದ್ದರೆ ಇದೇ ಬುದ್ಧಿಗೆ ಪೊಲೀಸರು ನಮ್ಮ ಬಾಗಿಲು ತಟ್ಟುತ್ತಿದ್ದರು. ನಮ್ಮದು ಇಬ್ಬರು ಒಳಗಿದ್ದರೆ ಮೂರನೆಯವರು ಮೆಟ್ಟಿಲ ಮೇಲೇ ಕಾಯಬೇಕಾದಂಥ ಅಂಗಡಿ. ಗೋಡೆ ತುಂಬ ಇನ್ನೂ ಹಲ್ಲು ಮೂಡದ ಕೀಲಿಕೈಗಳು ನೇತಾಡುತ್ತವೆ. ಮೂಲೆಯಲ್ಲಿ ಕೀಲಿ ಕೊರೆಯುವ ಯಂತ್ರ, ಅದರ ಪಕ್ಕದಲ್ಲಿ ಹಿತ್ತಾಳೆಯ ಪುಡಿ ಬೀಳದ ಹಾಗೆ ಬಟ್ಟೆ ಹೊದಿಸಿಟ್ಟ ಕಂಪ್ಯೂಟರ್. ಯಂತ್ರ ಅವಳದು. ಕಂಪ್ಯೂಟರ್, ಫೋನು ಮತ್ತು ಗಿರಾಕಿಗಳ ಜೊತೆಗಿನ ಜಗಳ ನನ್ನದು.

ಅಕ್ಕನದೊಂದು ಪದ್ಧತಿ ಇದೆ. ಕೀಲಿ ಕಳೆದುಹೋಯಿತು, ಬಾಗಿಲು ತೆಗೆದುಕೊಡಿ ಎಂದು ಯಾರೇ ಕರೆದರೂ ಹೊರಗೆ ನಿಂತು ಮೊದಲು ಕೇಳುತ್ತಾಳೆ: ಒಳಗೆ ಹೋದ ಕೂಡಲೇ ಏನು ಕಾಣುತ್ತದೆ, ಮೇಜು ಯಾವ ಕಡೆ ಇದೆ? ಉತ್ತರ ಸಿಕ್ಕ ಮೇಲೆ ಬಾಗಿಲು ತೆಗೆದು, ತಾನೊಬ್ಬಳೇ ಇಣುಕಿ, ಹೇಳಿದ್ದಕ್ಕೂ ಕಂಡದ್ದಕ್ಕೂ ತಾಳೆಯಾದರೆ ಮಾತ್ರ ಪಕ್ಕಕ್ಕೆ ಸರಿಯುತ್ತಾಳೆ. ಅಳುವವರನ್ನೂ ಬಿಟ್ಟವಳಲ್ಲ. ಒಮ್ಮೆ ಒಲೆಯ ಮೇಲೆ ಹಾಲಿಟ್ಟು ಹೊರಗೆ ಸಿಕ್ಕಿಕೊಂಡವರನ್ನು ನಿಲ್ಲಿಸಿಕೊಂಡು ಪರದೆಯ ಬಣ್ಣ ಕೇಳಿದ್ದಳು. ಅವತ್ತು ಬೈಗುಳ ತಿಂದವಳು ನಾನು.

ಅಂಥವಳು ಆ ಬೆಳಿಗ್ಗೆ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ.

ಈಮೇಲ್ ಬಂದದ್ದು ಪಕ್ಕದ ಬೀದಿಯ ಶಾಲೆಯ ದೊಡ್ಡ ಟೀಚರಿಂದ. ಆ ಶಾಲೆಯ ಬೀಗಗಳೆಲ್ಲ ನಾವೇ ಹಾಕಿದವು. "ನಿಮ್ಮ ಜೊತೆ ಒಂದು ಚಿತ್ರ ಹಂಚಿಕೊಂಡಿದ್ದೇನೆ, ನೋಡಿ" ಎಂದು ಒಂದು ಸಾಲು, ಅದರ ಕೆಳಗೆ ಒತ್ತಲು ಒಂದು ನೀಲಿ ಗುಂಡಿ. ಕೆಲವು ದಿನಗಳ ಹಿಂದಷ್ಟೇ ಟೀಚರ್ ಅಂಗಡಿಗೆ ಬಂದವರು ಶಾಲೆಯ ಉಗ್ರಾಣದಲ್ಲಿ ಸಿಕ್ಕ ಕಬ್ಬಿಣದ ಪೆಟ್ಟಿಗೆಯ ಸುದ್ದಿ ಹೇಳಿದ್ದರು. ಅದಕ್ಕೆ ಬೀಗವಿದೆಯಂತೆ, ಕೀಲಿ ತೂರಿಸುವ ಕಂಡಿ ಮಾತ್ರ ಎಲ್ಲೂ ಇಲ್ಲವಂತೆ. ಅಂದಿನಿಂದ ಅಕ್ಕನಿಗೆ ಊಟ ರುಚಿಸುತ್ತಿರಲಿಲ್ಲ. ಟೀಚರಿಂದ ಏನೋ ಬಂದಿದೆ ಎಂದದ್ದೇ ತಡ, ಕೀಲಿ ಉಜ್ಜುತ್ತಿದ್ದ ಅರವನ್ನು ಅಲ್ಲೇ ಹಾಕಿ ಬಂದು ನನ್ನ ಹೆಗಲ ಮೇಲೆ ಬಿದ್ದಳು.

ಗುಂಡಿ ಒತ್ತಿದೆ. ಚಿತ್ರ ನೋಡಬೇಕಾದರೆ ನಿಮ್ಮ ಮೇಲ್‌ನ ಪಾಸ್‌ವರ್ಡ್ ಹಾಕಿ ಎಂದು ಒಂದು ಪುಟ ಬಂತು. ಹಾಕಿದೆ. ತಪ್ಪಾಗಿದೆ, ಇನ್ನೊಮ್ಮೆ ಹಾಕಿ ಎಂದಿತು. ಬೇಗ ಹಾಕೇ ಎಂದು ಅಕ್ಕ ಬೆನ್ನಿಗೆ ತಿವಿದಳು. ಇನ್ನೊಮ್ಮೆ ಹಾಕಿದೆ. ಪುಟ ಬೆಳ್ಳಗಾಗಿ ಹಾಗೇ ನಿಂತುಬಿಟ್ಟಿತು. ಪೆಟ್ಟಿಗೆಯೂ ಇಲ್ಲ, ಬೀಗವೂ ಇಲ್ಲ.

ನಾನೊಬ್ಬಳೇ ಆಗಿದ್ದರೆ ಟೀಚರನ್ನು ಮನಸ್ಸಿನಲ್ಲೇ ಬೈದುಕೊಂಡು ಮುಂದಿನ ಕೆಲಸ ನೋಡುತ್ತಿದ್ದೆ. ಅಕ್ಕನ ಕುತೂಹಲ ಅಷ್ಟಕ್ಕೆ ಬಿಡುವಂಥದ್ದಲ್ಲ. ಸ್ಟೂಲು ಎಳೆದುಕೊಂಡು ಕೂತು, ಹಟ ಹಿಡಿದ ಬೀಗವನ್ನು ನೋಡುವ ಹಾಗೆ ಆ ಒಂದು ಸಾಲನ್ನೇ ನೋಡತೊಡಗಿದಳು. ಆಮೇಲೆ ನನ್ನ ಕಡೆ ತಿರುಗಿದಳು.

"ಅವರ ಬೀಗ ನೋಡೋಕೆ ನಮ್ಮ ಕೀಲಿಕೈ ಯಾಕೆ ಬೇಕು?"

ಈಗ ಎಲ್ಲ ಕಡೆಯೂ ಹೀಗೇ ಕೇಳುತ್ತಾರೆ, ನಿನಗೆ ಗೊತ್ತಾಗಲ್ಲ ಎಂದು ಸಿಡುಕಿದೆ. ಅವಳು ಸಿಟ್ಟಾಗಲಿಲ್ಲ. ಇದರಲ್ಲಿ ಪೆಟ್ಟಿಗೆ ಅಂತ ಎಲ್ಲಿದೆ, ತೋರಿಸು ಎಂದಳು. ಹುಡುಕಿದೆ. ಪೆಟ್ಟಿಗೆ ಎಂಬ ಮಾತೇ ಇರಲಿಲ್ಲ. ಉಗ್ರಾಣವಿಲ್ಲ, ಶಾಲೆಯಿಲ್ಲ, ನಮ್ಮಿಬ್ಬರಲ್ಲಿ ಒಬ್ಬರ ಹೆಸರೂ ಇಲ್ಲ. ಒಂದು ಚಿತ್ರ ಎಂದಿತ್ತು, ಅಷ್ಟೆ. ಪೆಟ್ಟಿಗೆಯನ್ನು ತಂದು ಆ ಸಾಲಿನೊಳಗೆ ಇಟ್ಟವರು ನಾವೇ. ಪುಟದ ನೆತ್ತಿಯ ಮೇಲಿದ್ದ ವಿಳಾಸವನ್ನು ಆಗ ಮೊದಲ ಸಲ ಓದಿದೆ. ಅದು ನಮ್ಮ ಮೇಲ್ ಕಂಪನಿಯದಲ್ಲ, ನಾನು ಎಂದೂ ಕೇಳಿರದ ಇನ್ಯಾವುದೋ.

ಟೀಚರಿಗೆ ಫೋನ್ ಮಾಡಿದೆ. ಅವರ ದನಿ ಆಗಲೇ ಸೋತಿತ್ತು. ಬೆಳಿಗ್ಗೆಯಿಂದ ಜನ ಇದನ್ನೇ ಕೇಳುತ್ತಿದ್ದಾರಂತೆ. ಅವರು ಯಾವ ಚಿತ್ರವನ್ನೂ ಯಾರಿಗೂ ಕಳಿಸಿರಲಿಲ್ಲ. ಹಿಂದಿನ ದಿನ ಅವರಿಗೂ ಪರಿಚಯದ ಪುಸ್ತಕದಂಗಡಿಯಿಂದ ಇಂಥದ್ದೇ ಒಂದು ಸಾಲು ಬಂದಿತ್ತು, ಪಠ್ಯಪುಸ್ತಕದ ಚಿತ್ರವಿರಬೇಕು ಎಂದುಕೊಂಡು ಅವರೂ ಪಾಸ್‌ವರ್ಡ್ ಕೊಟ್ಟಿದ್ದರು.

ಗಿರಾಕಿಗಳಿಗೆ ಹೊಸ ಬೀಗ ತರಿಸುವಾಗ ಕೀಲಿಯ ನಂಬರು, ಮನೆಯ ವಿಳಾಸ ಎರಡೂ ನಮ್ಮ ಮೇಲ್‌ನಲ್ಲೇ ಓಡಾಡುತ್ತವೆ. ಆ ನಂಬರು ಸಿಕ್ಕರೆ ಬೀಗವನ್ನು ಕಣ್ಣಲ್ಲಿ ನೋಡದೆಯೂ ಕೀಲಿ ಕೊರೆಯಬಹುದು. ನಮ್ಮನ್ನು ನಂಬಿ ನೆಮ್ಮದಿಯಾಗಿ ಮಲಗುವ ಅಷ್ಟೂ ಮನೆಗಳ ಬಾಗಿಲನ್ನು ನಾನು ಯಾರಿಗೋ ತೆರೆದಿಟ್ಟಿದ್ದೆ.

ತಕ್ಷಣ ಪಾಸ್‌ವರ್ಡ್ ಬದಲಾಯಿಸಿದೆ. ನನ್ನ ಕಂಪ್ಯೂಟರ್ ಬಿಟ್ಟು ಉಳಿದೆಲ್ಲ ಕಡೆಯಿಂದ ಹೊರಹಾಕು ಎಂದು ಆಜ್ಞೆ ಕೊಟ್ಟೆ. ಇನ್ನು ಮುಂದೆ ಫೋನಿಗೆ ಬರುವ ಸಂಖ್ಯೆ ಹಾಕದೆ ಯಾರೂ ಒಳಗೆ ಬರಲಾಗದ ಹಾಗೆ ಮಾಡಿದೆ. ಕಳಿಸಿದ ಮೇಲ್‌ಗಳನ್ನು ನೋಡಿದರೆ ನಾನು ಕಳಿಸಿದ್ದು ಬಿಟ್ಟು ಬೇರೇನೂ ಇರಲಿಲ್ಲ. ಸದ್ಯ, ಯಾರೂ ಬಂದಿಲ್ಲ, ಬಾಯಿ ಮುಚ್ಚಿಕೊಂಡಿರೋಣ ಎಂದೆ. ಬೀಗದಂಗಡಿಗೇ ಕನ್ನ ಹಾಕಿದರಂತೆ ಎಂದು ಊರೆಲ್ಲ ನಕ್ಕರೆ ನಾಳೆಯಿಂದ ಈ ಮೆಟ್ಟಿಲು ಹತ್ತುವವರು ಯಾರು?

ಅಕ್ಕ ಆಗಲೇ ಚೀಲಕ್ಕೆ ಸ್ಕ್ರೂಡ್ರೈವರ್ ತುಂಬುತ್ತಿದ್ದಳು.

"ಬಂದಿಲ್ಲ ಅಂತ ನಿಂಗೆ ಹೇಗೆ ಗೊತ್ತು? ಗೊತ್ತಿಲ್ಲ ಅಂದ್ರೆ ಬೀಗ ಬದಲಾಯಿಸೋದೇ. ನಾನು ಬಿಚ್ತೀನಿ, ನೀನು ಅವರಿಗೆ ನಡೆದದ್ದು ಹೇಳು. ಅವಸರ ಮಾಡಿದ್ದು ನಾನು ಅಂತಾನೂ ಹೇಳು."

ಮೊದಲು ಹೋದದ್ದು ಮಹಡಿಯ ಮೇಲೆ ಒಬ್ಬರೇ ಇರುವ ಟೈಲರಮ್ಮನ ಮನೆಗೆ. ಈಚೆಗಷ್ಟೇ ಅವರ ಮುಂಬಾಗಿಲಿಗೆ ಹೊಸ ಬೀಗ ಹಾಕಿದ್ದೆವು. ತುಟಿಯಲ್ಲಿ ಗುಂಡುಪಿನ್ನು ಕಚ್ಚಿಕೊಂಡು ಒಂದು ರವಿಕೆಯ ತೋಳಿಗೆ ಮಡಿಕೆ ಹಿಡಿಯುತ್ತಿದ್ದ ಅವರು ಕೈ ನಿಲ್ಲಿಸದೆ ನನ್ನ ಮಾತು ಕೇಳಿದರು. ನಾನು ಪಾಸ್‌ವರ್ಡಿನ ಸಂಗತಿಗೆ ಬಂದಾಗ ಪಿನ್ನುಗಳನ್ನು ಒಂದೊಂದಾಗಿ ತೆಗೆದಿಟ್ಟು, ಹೊಲಿಗೆ ಯಂತ್ರದ ಮೇಲಿದ್ದ ಫೋನನ್ನು ನನ್ನ ಕಡೆ ತಿರುಗಿಸಿದರು.

ಅದರಲ್ಲಿ ನಮ್ಮ ಅಂಗಡಿಯ ಹೆಸರಿತ್ತು. ಕೆಳಗೆ, ನಿಮ್ಮ ಜೊತೆ ಒಂದು ಚಿತ್ರ ಹಂಚಿಕೊಂಡಿದ್ದೇನೆ, ನೋಡಿ.

ಅಂದರೆ ಪಾಸ್‌ವರ್ಡ್ ಕದ್ದವನು ನಮ್ಮ ಮೇಲ್‌ಗೆ ಬಂದಿದ್ದ. ನಾವು ಟೀಚರ ಜೊತೆ ಮಾತಾಡುತ್ತಿದ್ದಾಗಲೇ ನಮ್ಮ ಹೆಸರಿನಲ್ಲಿ ಕಳಿಸಿ, ಕಳಿಸಿದ ಗುರುತನ್ನೂ ಅಳಿಸಿ ಹೋಗಿದ್ದ. ಟೈಲರಮ್ಮ ಪಾಸ್‌ವರ್ಡ್ ಕೇಳುವ ಪುಟದವರೆಗೂ ತಲುಪಿದ್ದರು. ಪಾಸ್‌ವರ್ಡ್ ನೆನಪಾಗದೆ ಸೊಸೆ ಬರಲಿ ಎಂದು ಕಾಯುತ್ತಿದ್ದರು.

"ಬಾಗಿಲಿನ ಹಿಡಿಕೆಗಳ ಫೋಟೊ ಕಳಿಸ್ತೀನಿ ಅಂದಿದ್ರಲ್ಲ, ಅದೇ ಅಂದ್ಕೊಂಡೆ" ಎಂದರು. "ಬೇರೆಯವರದಾಗಿದ್ರೆ ಮುಟ್ತಾನೇ ಇರ್ಲಿಲ್ಲ. ನಿಮ್ಮಿಂದ ಬಂದಿತ್ತಲ್ಲ."

ನಾಲ್ಕು ಮಾತು ಬೈದಿದ್ದರೆ ಎಷ್ಟೋ ವಾಸಿಯಿತ್ತು. ನಾಚಿಕೆಯಿಂದ ನನಗೆ ಅವರ ಮುಖ ನೋಡಲಾಗಲಿಲ್ಲ. ಮೆಟ್ಟಿಲ ಮೇಲೆ ಕೂತು ಒಬ್ಬೊಬ್ಬರಿಗೇ ಫೋನ್ ಹಚ್ಚಿದೆ. ನಮ್ಮ ಹೆಸರಿನಲ್ಲಿ ಏನು ಬಂದಿದ್ದರೂ ತೆಗೆಯಬೇಡಿ, ತೆಗೆದಿದ್ದರೆ ಪಾಸ್‌ವರ್ಡ್ ಈಗಲೇ ಬದಲಾಯಿಸಿ, ಬೀಗ ಬದಲಾಯಿಸಲು ನಾವೇ ಬರುತ್ತೇವೆ. ಕೆಲವರು ಗಾಬರಿಯಾದರು, ಕೆಲವರು ಫೋನ್ ಎತ್ತಲೇ ಇಲ್ಲ. ನನ್ನ ಬೆನ್ನ ಹಿಂದೆ ಟೈಲರಮ್ಮ ಅಕ್ಕನನ್ನು ಕೇಳುತ್ತಿದ್ದರು, ನಾಳೆ ನಿಜವಾಗಿ ನೀವೇ ಕಳಿಸಿದರೆ ನನಗೆ ಹೇಗೆ ಗೊತ್ತಾಗಬೇಕು ಎಂದು.

ಬಾಗಿಲ ಮುಂದೆ ಮಂಡಿಯೂರಿ ಕೂತಿದ್ದ ಅಕ್ಕ ತಲೆ ಎತ್ತಲಿಲ್ಲ. "ಗೊತ್ತಾಗಲ್ಲಮ್ಮ. ಫೋನ್ ಮಾಡಿ ಕೇಳಿ. ಪಾಸ್‌ವರ್ಡ್ ಕೇಳಿದ್ರೆ ನಂಗೂ ಕೊಡಬೇಡಿ."

ಅಷ್ಟರಲ್ಲಿ ನನ್ನ ಫೋನೇ ಬಡಿದುಕೊಂಡಿತು. ಆ ಕಡೆ ಗಡಿಯಾರದಂಗಡಿಯ ಯಜಮಾನರು. ಚಿತ್ರ ಅಂತ ಏನೋ ಬಂದಿದೆ, ನಿಜವಾಗಿ ನೀನು ಕಳಿಸಿದ್ದಾ, ಇಲ್ಲಾ ಯಾರಾದರೂ ಆಟ ಆಡಿಸುತ್ತಿದ್ದಾರಾ, ನಿಮ್ಮನ್ನೆಲ್ಲ ನಾನು ಅಷ್ಟು ಸುಲಭಕ್ಕೆ ನಂಬುವವನಲ್ಲ ಎಂದು ಗದರಿದರು. ನಮ್ಮನ್ನು ನಂಬದ ಒಬ್ಬರಾದರೂ ಸಿಕ್ಕರಲ್ಲ ಎಂದು ನನಗೆ ಕಣ್ಣು ತುಂಬಿ ಬಂತು.