ಅಳತೆಗೋಲಿನ ನೆರಳು

ಆ ವಾರ ಮೌನ್ ವಿಮಾನ ನಿಲ್ದಾಣದಲ್ಲಿ ಯಾರೂ ಯಾರ ಕೈಯನ್ನೂ ಕುಲುಕುತ್ತಿರಲಿಲ್ಲ, ಮೂಸುತ್ತಿದ್ದರು. ಬೆರಳಲ್ಲಿ ಪೆಟ್ರೋಲಿನ ಘಾಟು ಇದೆಯೋ ಇಲ್ಲವೋ ಎಂದು ನೋಡಿಯೇ ಮುಂದಿನ ಮಾತು. ಇದನ್ನು ಶುರುಮಾಡಿದವಳು ಕೆಲಪಿಲೆ. ಫುರೀ ಸಾಹೇಬನ ಮೂರು ಪುಟ್ಟ ವಿಮಾನಗಳಿಗೆ ಹತ್ತೊಂಬತ್ತು ವರ್ಷದಿಂದ ಎಣ್ಣೆ ಕುಡಿಸುತ್ತ ಬಂದ ಹೆಂಗಸು. ಅವಳ ಮೂಗಿನಿಂದ ತಪ್ಪಿಸಿಕೊಂಡವರಿಲ್ಲ ಎಂದು ಖ್ಯಾತಿ. ಊರ ಹೆಸರು ಮೌನ್ ಆದರೂ ಮೌನಕ್ಕೂ ಆ ಊರಿಗೂ ಎಣ್ಣೆ ಸೀಗೇಕಾಯಿ. ಹಾಗಾಗಿ ಮೂರನೆಯ ದಿನಕ್ಕೆ ಜನ ಅವಳನ್ನೂ ಮೂಸತೊಡಗಿದರು.

ಆದದ್ದಿಷ್ಟು. ಮೂರು ವಿಮಾನಗಳಿಗೆ ನೆಲದವರು ಇಟ್ಟ ಹೆಸರು ಅಜ್ಜಿ, ಸೊಸೆ, ನಾದಿನಿ. ಸೋಮವಾರ ನಸುಕಿನಲ್ಲೇ ಅಜ್ಜಿ ಎಲೆಕೋಸು ಹೊತ್ತು ಜೌಗುನಾಡಿನ ಪ್ರವಾಸಿ ಬಿಡಾರಗಳಿಗೆ ಹೊರಟಿತ್ತು. ಒಂದು ಕಡೆ ಇಳಿಯುವ ಜಾಗದಲ್ಲಿ ಆನೆಗಳು ನಿಂತಿದ್ದವು. ಅವು ಮನಸ್ಸು ಮಾಡುವವರೆಗೆ ಅರ್ಧ ಗಂಟೆ ಮೇಲೆಯೇ ಸುತ್ತು. ಕೊನೆಯ ಬಿಡಾರ ಇನ್ನೇನು ಬಂತು ಎನ್ನುವಾಗ ಎಂಜಿನ್ನು ಎರಡು ಸಲ ಕೆಮ್ಮಿ ಸುಮ್ಮನಾಯಿತು. ಪೈಲಟ್ ಒಟೆಂಗ್ ಅಜ್ಜಿಯನ್ನು ತೇಲಿಸಿಕೊಂಡು ಹೋಗಿ ಜೊಂಡಿನಲ್ಲಿ ಕೆಡವಿದ. ಅವನ ಎಡಗೈ ಮುರಿಯಿತು. ಎಲೆಕೋಸು ನೀರಾನೆಗಳ ಪಾಲಾಯಿತು.

"ಬೆಂಕಿ ಹತ್ತಲಿಲ್ವಲ್ಲ, ದೇವರು ದೊಡ್ಡೋನು," ಎಂದಳು ಕ್ಯಾಂಟೀನಿನಾಕೆ.

"ದೇವರಲ್ಲಮ್ಮ, ಟ್ಯಾಂಕು ಖಾಲಿ. ಹತ್ತೋಕೆ ಏನಿತ್ತು?" ಎಂದ ರಾಜಧಾನಿಯಿಂದ ಬಂದ ತನಿಖೆಯವನು, ರ್ರಾ ದಿಕೋಲೆ. ಗಂಡಸರಿಗೆ 'ರ್ರಾ', ಹೆಂಗಸರಿಗೆ 'ಮ್ಮಾ' ಎನ್ನುವುದು ಅಲ್ಲಿನ ಮರ್ಯಾದೆ.

ಬುಧವಾರ ಬೆಳಿಗ್ಗೆ ಅವನು ಉಗ್ರಾಣದಲ್ಲಿ ಮೇಜು ಹಾಕಿಕೊಂಡು ಕೂತ. ಮೇಜಿನ ಮೇಲೆ, ಪ್ಲಾಸ್ಟಿಕ್ ಚೀಲದೊಳಗೆ, ಜೊಂಡಿನಿಂದ ತಂದ ಅಜ್ಜಿಯ ಅಳತೆಗೋಲು. ಈ ವಿಮಾನಗಳಲ್ಲಿ ಎಣ್ಣೆ ತೋರಿಸುವ ಮುಳ್ಳುಗಳನ್ನು ಮೌನ್‌ನಲ್ಲಿ ಯಾರೂ ನಂಬುವುದಿಲ್ಲ. ಅವು ಮಂತ್ರಿಗಳ ಹಾಗೆ, ಯಾವಾಗ ಕೇಳಿದರೂ ಎಲ್ಲ ತುಂಬಿದೆ ಎನ್ನುತ್ತವೆ. ರೆಕ್ಕೆಯ ಮೇಲೆ ಹತ್ತಿ ಮರದ ಕೋಲನ್ನು ಟ್ಯಾಂಕಿನ ತಳ ಮುಟ್ಟುವ ತನಕ ಇಳಿಸಬೇಕು, ಎತ್ತಿ ಒದ್ದೆ ಎಲ್ಲಿಯವರೆಗೆ ಬಂದಿದೆ ನೋಡಬೇಕು. ಒಂದೊಂದು ಗಂಟೆಯ ಹಾರಾಟಕ್ಕೆ ಒಂದೊಂದು ಸುಟ್ಟ ಗೀರು. ಗೀರು ಹಾಕಿದಾಗ ತಳದ ಎರಡು ಬೆರಳಗಲವನ್ನು ಮಾತ್ರ ಲೆಕ್ಕಕ್ಕೆ ಹಿಡಿಯದೆ ಬಿಟ್ಟಿದ್ದರು. ಅಷ್ಟು ಎಣ್ಣೆ ಇನ್ನೂ ಒಂದು ಗಂಟೆ ಹಾರಿಸುತ್ತದೆ, ಆದರೆ ಅದನ್ನು ಯಾರೂ ಎಣಿಸುವುದಿಲ್ಲ. ಅದು ಹಿರಿಯರ ಪಾಲು. ಹಬ್ಬದ ಮಡಕೆಯಿಂದ ಮೊದಲ ಗುಟುಕನ್ನು ತೀರಿಹೋದವರಿಗೆಂದು ನೆಲಕ್ಕೆ ಬಿಡುವುದಿಲ್ಲವೇ, ಹಾಗೆ.

"ಭಾನುವಾರ ಸಂಜೆ ಕೋಲು ನಾಲ್ಕು ಗಂಟೆ ಅಂದಿತ್ತು," ಎಂದ ದಿಕೋಲೆ. "ಪೈಲಟ್ ನೋಡಿದಾನೆ, ನೀವೂ ನೋಡಿದೀರಿ. ಹಿರಿಯರ ಪಾಲು ಸೇರಿ ಐದು. ಆನೆ ಸುತ್ತಿದ್ದೂ ಸೇರಿ ಹಾರಿದ್ದು ನಾಲ್ಕೇ. ಟ್ಯಾಂಕು ಸೋರಿಲ್ಲ. ಒಂದು ಗಂಟೆ ಎಣ್ಣೆ ಎಲ್ಲಿ ಹೋಯ್ತು?"

"ರಾತ್ರಿ ಇಲ್ಲಿ ಇದ್ದಿದ್ದು ಯಾರು ಅಂತ ಕೇಳಿ," ಎಂದಳು ಕೆಲಪಿಲೆ.

ಇದ್ದವನು ಕಾವಲುಗಾರ ಮೊತಿಬಿ. ಅರವತ್ತರ ಮುದುಕ, ಬಾಗಿಲಲ್ಲೇ ಟೋಪಿ ಕೈಯಲ್ಲಿ ಹಿಡಿದು ನಿಂತಿದ್ದ. ಅಂಗಿಯ ತೋಳಿನ ಮೇಲೆ ವಿಮಾನದ ಪೆಟ್ರೋಲಿನ ನೀಲಿ ಕಲೆ. ಅವನ ತಮ್ಮನಿಗೆ ಎಂಜಿನ್ ದೋಣಿ. ಕೆಲಪಿಲೆ ಕಲೆಯನ್ನೂ ದೋಣಿಯನ್ನೂ ಸೇರಿಸಿ ಹೊಲಿದು ದಿಕೋಲೆಯ ಕೈಗೆ ಆಗಲೇ ಕೊಟ್ಟಿದ್ದಳು.

"ರೆಕ್ಕೆ ಒರೆಸು ಅಂತ ನೀನೇ ಅಂದಿದ್ದಲ್ಲ ತಾಯಿ," ಎಂದ ಮೊತಿಬಿ. "ಒರೆಸಿದೋನ ತೋಳು ನೀಲಿ ಆಗ್ದೆ ಕೆಂಪಾಗತ್ತಾ?"

"ತಮ್ಮನ ದೋಣಿ ನೀರು ಕುಡ್ದು ಓಡತ್ತಾ?"

"ನಿನ್ನ ಮೂಗಿಗೆ ಒಂದು ಬೀಗ ಇದ್ದಿದ್ರೆ ನಾನು ಹನ್ನೊಂದು ವರ್ಷ ಗೇಟು ಕಾಯೋದು ಬಿಟ್ಟು ಅದನ್ನೇ ಕಾಯ್ತಿದ್ದೆ."

ದಿಕೋಲೆ ಗಡಿಯಾರ ನೋಡಿದ. ಎರಡು ಗಂಟೆಗೆ ತಾನು ಹೊರಡುವುದಾಗಿಯೂ, ಅಷ್ಟರೊಳಗೆ ಬೇರೆ ಏನೂ ಹೊಳೆಯದಿದ್ದರೆ ಮುದುಕನನ್ನು ಜೀಪಿನಲ್ಲಿ ಠಾಣೆಗೆ ಕರೆದೊಯ್ಯುವುದಾಗಿಯೂ ಹೇಳಿದ. ಮೊತಿಬಿ ಟೋಪಿಯನ್ನು ಒಮ್ಮೆ ತಿರುಗಿಸಿದ, ಅಷ್ಟೇ. ಅವನು ಹೋಗದಿದ್ದರೆ ಹೋಗಬೇಕಾದವಳು ತಾನೇ ಎಂಬುದು ಕೆಲಪಿಲೆಗೂ ಗೊತ್ತಿತ್ತು. ಟ್ಯಾಂಕಿನ ಮುಚ್ಚಳ ಮುಟ್ಟುತ್ತಿದ್ದದ್ದು ಇನ್ನಾರು?

ಮಧ್ಯಾಹ್ನ ಕ್ಯಾಂಟೀನಿನಲ್ಲಿ ಮಗ್ವಿನ್ಯಾ ಕರಿಯುವ ಹೊಗೆ. ಆ ಬಿಸಿ ಹಿಟ್ಟಿನುಂಡೆಗಳನ್ನು ಒಂದೇ ಕೈಯಲ್ಲಿ ಬಾಯಿಗೆಸೆದುಕೊಳ್ಳುತ್ತ ಒಟೆಂಗ್ ಕೂತಿದ್ದ, ಇನ್ನೊಂದು ಕೈ ಜೋಳಿಗೆಯಲ್ಲಿ.

"ಕೂತಿದಾನೆ ನೋಡ್ರೋ," ಎಂದ ಒಬ್ಬ ಮೆಕ್ಯಾನಿಕ್. "ಊರಲ್ಲಿ ಎಲ್ಲಾ ಎಣ್ಣೆ ಏರಿಸಿ ಬೀಳ್ತಾರೆ. ಎಣ್ಣೆ ಇಳಿದು ಬಿದ್ದೋನು ಇವನೊಬ್ಬನೇ!"

ಒಟೆಂಗನಿಗೆ ಪೆಟ್ಟಾದದ್ದು ಕೈಗೆ, ನಾಲಿಗೆಗಲ್ಲ. ಅಣಕವಾಡುವುದರಲ್ಲಿ ಅವನನ್ನು ಮೀರಿಸುವವರಿಲ್ಲ. ಮೊದಲು ದಿಕೋಲೆಯಂತೆ ಗಲ್ಲ ಊದಿಸಿ, "ಒಂದು ಗಂಟೆ ಎಲ್ಲಿ ಹೋಯ್ತು?" ಎಂದು ತನ್ನ ಜೇಬಿನೊಳಗೇ ಹುಡುಕಿದ. ಆಮೇಲೆ ಸತ್ತ ಎಂಜಿನ್ನಿನ ಕೊನೆಯ ಕೆಮ್ಮು. ಆಮೇಲೆ ಮೂಲೆಯಲ್ಲಿದ್ದ ಕೆಲಪಿಲೆಯ ಕಡೆ ಕಣ್ಣು ಹೊಡೆದು, ಸೊಂಟಕ್ಕೆ ಕೈಯಿಟ್ಟು, ಮೂಗನ್ನು ಗಾಳಿಯಲ್ಲಿ ಎರಡು ಸುತ್ತು ತಿರುಗಿಸಿದ. ಜನ ಹೋ ಎಂದರು.

ಒಟೆಂಗ್ ಮೇಜಿನ ಮೇಲಿದ್ದ ಮರದ ಸೌಟನ್ನು ಎತ್ತಿಕೊಂಡ. ಅದರ ತುದಿಯನ್ನು ಕಣ್ಣಿನ ಹತ್ತಿರ ಹಿಡಿದು, ಅಚ್ಚು ಅವಳದೇ ದನಿಯಲ್ಲಿ ಗೊಣಗಿದ: "ಅಯ್ಯೋ, ಸಿಬಿರು ಎದ್ದಿದೆಯಲ್ಲೋ! ಇದು ಟ್ಯಾಂಕಿಗೆ ಬಿದ್ರೆ ಎಣ್ಣೆ ನಳಿಗೆ ಕಟ್ಟಿ ನೀನು ಸಾಯ್ತೀಯ, ನಿಮ್ಮಮ್ಮಂಗೆ ನಾನೇನು ಹೇಳಲಿ?" ಸೌಟನ್ನು ಜೋಳಿಗೆಯ ಕೈಗೆ ಸಿಕ್ಕಿಸಿ, ಚಾಕು ತೆಗೆದಂತೆ ಮಾಡಿ ಅದರ ತುದಿಯನ್ನು ಸರ್ರ ಸರ್ರನೆ ಹೆರೆದ. ಉಫ್ ಎಂದು ಊದಿದ. "ಹೂಂ. ಈಗ ನೋಡು, ಮದುಮಗಳ ಬೆರಳು!"

ಎಲ್ಲರೂ ಮೇಜು ತಟ್ಟಿ ನಕ್ಕರು. ಕೆಲಪಿಲೆಯ ಕೈಯಲ್ಲಿದ್ದ ಮಗ್ವಿನ್ಯಾ ತಟ್ಟೆಗೆ ಬಿತ್ತು.

ಅವನು ಸುಳ್ಳಾಡಿರಲಿಲ್ಲ. ತಿಂಗಳಿಗೊಮ್ಮೆ, ಎರಡು ತಿಂಗಳಿಗೊಮ್ಮೆ, ಟ್ಯಾಂಕಿನ ತಳಕ್ಕೆ ಕುಟ್ಟಿ ಕುಟ್ಟಿ ಅಳತೆಗೋಲುಗಳ ತುದಿ ನಾರೆದ್ದಾಗಲೆಲ್ಲ ಅವಳು ಹೆರೆಯುತ್ತಿದ್ದಳು. ಎಷ್ಟು ಹೆರೆದಳು? ಕೂದಲೆಳೆಯಷ್ಟು. ಎಷ್ಟು ಸಲ?

ಅವಳು ಉಗ್ರಾಣಕ್ಕೆ ಓಡಿಯೇ ಬಂದಳು. ದಿಕೋಲೆ ಕಾಗದ ಜೋಡಿಸುತ್ತಿದ್ದ. ಮೊತಿಬಿ ಬಾಗಿಲಲ್ಲಿ, ಈಗ ಠಾಣೆಗೆ ಹೊರಡಲು ಕೋಟು ಹಾಕಿಕೊಂಡು.

"ಆ ಕೋಲು ಕೊಡಿ."

"ಅದು ಸಾಕ್ಷಿ, ಮ್ಮಾ. ಮುಟ್ಟೋ ಹಾಗಿಲ್ಲ."

"ಹಾಗಾದ್ರೆ ನೀವೇ ತೂಗುಹಾಕಿ. ಅಗೋ ಆ ಮೊಳೆಗೆ."

ಗೋಡೆಯ ಮೇಲೆ ಪ್ರತಿ ಸಲಕರಣೆಯ ಹಿಂದೆಯೂ ಅದರ ಆಕಾರವನ್ನು ಬಿಳಿ ಬಣ್ಣದಲ್ಲಿ ಬಳಿದಿತ್ತು, ಕಳುವಾದರೆ ಖಾಲಿ ನೆರಳು ಚಾಡಿ ಹೇಳಲಿ ಎಂದು. ಬಳಿದವಳು ಅವಳೇ, ಕೋಲು ಹೊಸದಾಗಿದ್ದಾಗ. ದಿಕೋಲೆ ಚೀಲದಿಂದ ಅಜ್ಜಿಯ ಕೋಲನ್ನು ತೆಗೆದು ತೂಗುಹಾಕಿದ. ತಲೆ, ನಡು, ಗೀರುಗಳು ನೆರಳನ್ನು ಸರಿಯಾಗಿ ಮುಚ್ಚಿದವು. ಕೆಳಗೆ, ಕೋಲು ಮುಗಿದ ಮೇಲೂ, ನೆರಳು ಇನ್ನೂ ಇತ್ತು.

ದಿಕೋಲೆ ಆ ಬಿಳಿ ಜಾಗದಲ್ಲಿ ಬೆರಳಿಟ್ಟ. ಸರಿಯಾಗಿ ಎರಡು ಬೆರಳು ಹಿಡಿಯಿತು.

"ಹಿರಿಯರ ಪಾಲು," ಎಂದ ಮೊತಿಬಿ ಮೆಲ್ಲಗೆ.

"ನಾನೇ ಹೆರೆದಿದ್ದು," ಎಂದಳು ಕೆಲಪಿಲೆ. "ಬುಡ ಸವೆದ್ರೆ ಗೀರೆಲ್ಲಾ ಕೆಳಗಿಳಿಯತ್ತೆ. ಕಮ್ಮಿ ಎಣ್ಣೆಗೇ ನಾಲ್ಕು ಅನ್ನತ್ತೆ. ಯಾರೂ ಕದ್ದಿಲ್ಲ ರ್ರಾ. ಆ ಎಣ್ಣೆ ಇರಲೇ ಇಲ್ಲ."

ಇಷ್ಟು ವರ್ಷ ಗೊತ್ತಾಗದಿದ್ದುದಕ್ಕೂ ಕಾರಣ ಅದೇ: ಹಿರಿಯರ ಪಾಲಿಗೆ ಯಾರೂ ಕೈಹಾಕುತ್ತಿರಲಿಲ್ಲ. ಕೈಹಾಕಿಸಿದ್ದು ಆನೆಗಳು.

ದಿಕೋಲೆ ಬರೆಯಲು ಪೆನ್ನು ತೆಗೆದ. ಆದರೆ ಅವಳ ಕಣ್ಣು ಆಗಲೇ ಪಕ್ಕದ ಎರಡು ಮೊಳೆಗಳ ಮೇಲಿತ್ತು. ರಿಪೇರಿಗೆ ನಿಂತ ನಾದಿನಿಯ ಕೋಲು ಅಲ್ಲೇ ತೂಗುತ್ತಿತ್ತು: ಅದಕ್ಕೂ ಬುಡದಲ್ಲಿ ಎರಡು ಬೆರಳು ನೆರಳು. ಮೂರನೆಯದರಲ್ಲಿ ಕೋಲೇ ಇಲ್ಲ, ಬರಿಯ ನೆರಳು. ಸೊಸೆ ಆಕಾಶದಲ್ಲಿತ್ತು.

ಹನ್ನೊಂದಕ್ಕೆ ಹೊರಟಾಗ ಸೊಸೆಯ ಕೋಲು ಮೂರು ಗಂಟೆ ಎಂದಿತ್ತು. ಒಳಗೆ ನಾಲ್ವರು ಪ್ರವಾಸಿಗಳು, ಪೈಲಟ್ ಪಿತ್ಸೊ. ಈಗ ಒಂದೂವರೆ.

ಅವಳು ರೇಡಿಯೋ ಹಿಡಿದಳು. "ಪಿತ್ಸೊ, ಕೆಲಪಿಲೆ ಮಾತಾಡ್ತಿರೋದು. ಮೌನ್‌ಗೆ ಎಷ್ಟು ದೂರ?"

"ಎದುರುಗಾಳಿ, ಮ್ಮಾ. ನಲವತ್ತು ನಿಮಿಷ." ಕರಕರ ಸದ್ದಿನ ನಡುವೆ ಅವನ ನಗು. "ನನ್ನ ಹತ್ರ ಅರ್ಧ ಗಂಟೆ ಇದೆ. ಉಳಿದ ಹತ್ತು ನಿಮಿಷ ಹಿರಿಯರ ಹತ್ರ ಕೈಗಡ."

"ಹಿರಿಯರ ಹತ್ರ ಏನೂ ಇಲ್ಲ. ಹತ್ತಿರ ಇಳಿಯೋ ಜಾಗ ಯಾವುದಿದೆಯೋ ಅಲ್ಲಿ ಇಳಿಸು. ಈಗಲೇ."

"ಏನಮ್ಮಾ, ಇಲ್ಲಿಂದಲೇ ಮೂಸಿಬಿಟ್ಯಾ? ಕೋಲು ನಾನೇ ಅದ್ದಿದೀನಿ."

"ಕೋಲು ಸುಳ್ಳು ಹೇಳ್ತಿದೆ."

"ಯಾರಂದ್ರು?"

ಆ ರೇಡಿಯೋ ಅಲೆಯನ್ನು ಊರಿನ ಪ್ರತಿ ವಿಮಾನ ಕಂಪನಿಯೂ ಕೇಳುತ್ತದೆ. ಕ್ಯಾಂಟೀನಿನಲ್ಲೂ ಒಂದು ಪೆಟ್ಟಿಗೆ ಸದಾ ಮಾತಾಡುತ್ತಿರುತ್ತದೆ. ಕೆಲಪಿಲೆಗೆ ಅದೆಲ್ಲ ಗೊತ್ತು. ಅವಳು ಒಮ್ಮೆ ಮೊತಿಬಿಯ ಕೋಟನ್ನು ನೋಡಿದಳು.

"ಅದಕ್ಕೆ ಸುಳ್ಳು ಕಲಿಸಿದವಳೇ ಅಂತಿದೀನಿ. ಬುಡಾನ ನಾನೇ ಹೆರೆದು ಹೆರೆದು ಎರಡು ಬೆರಳು ಕಮ್ಮಿ ಮಾಡಿದೀನಿ. ಒಟೆಂಗ್ ಬಿದ್ದಿದ್ದು ನನ್ನಿಂದ. ಮೊತಿಬಿ ಕಳ್ಳ ಅಲ್ಲ. ಇಳಿಸು ಮಗಾ."

ಮೌನ್ ಊರು ತನ್ನ ಹೆಸರಿಗೆ ತಕ್ಕಂತೆ ಇದ್ದದ್ದು ಆವತ್ತೇ. ಕ್ಯಾಂಟೀನಿನ ತಟ್ಟೆ ಸದ್ದು ಕೂಡ ನಿಂತಿತು.

"ಬಲಕ್ಕೆ ತಿರುಗ್ತಿದೀನಿ," ಎಂದಿತು ರೇಡಿಯೋ. ನಗು ಇರಲಿಲ್ಲ. "ಹದಿನೈದು ನಿಮಿಷ."

ಆ ಹದಿನೈದು ನಿಮಿಷ ಯಾರೂ ಕೂರಲಿಲ್ಲ. ದಿಕೋಲೆ ಒಂದಕ್ಷರ ಬರೆಯಲಿಲ್ಲ. ಎರಡು ಗಂಟೆಗೆ ಐದು ನಿಮಿಷ ಇರುವಾಗ ಪಿತ್ಸೊನ ದನಿ ಬಂತು:

"ನೆಲದ ಮೇಲಿದೀನಿ. ಎಲ್ಲಾ ಕ್ಷೇಮ. ಕೋಲು ಅದ್ದಿ ನೋಡ್ದೆ, ಮ್ಮಾ. ಒದ್ದೆ ಆಗಿರೋದು ಒಂದು ಉಗುರಗಲ."

ಕೆಲಪಿಲೆ ಚಾಕುವನ್ನು ಜೇಬಿನಿಂದ ತೆಗೆದು ದಿಕೋಲೆಯ ಕಾಗದಗಳ ಮೇಲಿಟ್ಟಳು. ಅವನು ಅದನ್ನು ಚೀಲಕ್ಕೆ ಹಾಕಿ ಚೀಲದ ಬಾಯಿ ಕಟ್ಟಿದ. "ಜೀಪಲ್ಲಿ ಜಾಗ ಇದೆ," ಎಂದ. "ಠಾಣೆಗಲ್ಲ. ಫುರೀ ಸಾಹೇಬರ ಆಫೀಸಿಗೆ. ನೀವೇ ಹೇಳಿದ್ರೆ ಚೆನ್ನ."

ಬಾಗಿಲಲ್ಲಿ ಅವಳು ನಿಂತಳು. ಹಿರಿಯರ ಮುಂದೆ ಮಾಡುವಂತೆ ಎಡಗೈಯನ್ನು ಬಲ ಮೊಣಕೈಗೆ ಆನಿಸಿ, ಮೊತಿಬಿಯತ್ತ ಕೈ ಚಾಚಿದಳು.

ಮೊತಿಬಿ ಕೈ ಕೊಡಲಿಲ್ಲ. ಬಗ್ಗಿ, ಅವಳ ಅಂಗೈಯನ್ನು ಮೂಸಿದ. ತಿರುಗಿಸಿ ಹಿಂಗೈಯನ್ನೂ ಮೂಸಿದ, ಅವಸರವಿಲ್ಲದೆ, ಅವಳು ಎರಡು ದಿನ ಅವನನ್ನು ಮೂಸಿದ ಹಾಗೆಯೇ.

"ಕೈ ಕುಲುಕೋದು ನಾಳೆ ನೋಡೋಣ," ಎಂದು ಕೋಟು ಕಳಚಿ ಗೇಟಿನ ಕಡೆ ನಡೆದ.