ಎತ್ತರಿಸಿದ ಪೆಡಲುಗಳು

ಬಾಗಿಲಿನಾಚೆ ಚಾಚಿಕೊಂಡ ಎರಡು ಬೂಟುಗಳು, ಒಂದರ ಲೇಸು ಬಿಚ್ಚಿಹೋಗಿದೆ, ಆರ್‌ಟಿಒ ಇನ್‌ಸ್ಪೆಕ್ಟರ ಉಳಿದ ಮೈಯೆಲ್ಲ ಕಾರಿನೊಳಗೆ, ಸ್ಟಿಯರಿಂಗಿನ ಕೆಳಗೆ ತಲೆ ತೂರಿಸಿ ಬಾಯಲ್ಲಿ ಟಾರ್ಚು ಕಚ್ಚಿಕೊಂಡು ಗೊಣಗುತ್ತಿದ್ದಾರೆ, ಏನು ಕಂಡಿತೋ, ದೀಪ ಪಾಸಾಯಿತು, ಹೊಗೆಯೂ ಪಾಸಾಯಿತು, ಉಳಿದದ್ದು ನಾನು ಮಾಡಿದ ಬದಲಾವಣೆ ಮಾತ್ರ — ಹೆಂಡತಿಯ ಕಾಲಿಗೆ ಎಟುಕಲೆಂದು ಮೂರೂ ಪೆಡಲಿಗೆ ಅಲ್ಯೂಮಿನಿಯಂ ತುಂಡು ಕೂರಿಸಿ ಎತ್ತರಿಸಿದ್ದು — ಅದೊಂದು ಪಾಸಾದರೆ ಫಿಟ್‌ನೆಸ್ ಕಾಗದ ಸಿಗುತ್ತದೆ, ಕಾಗದ ಸಿಕ್ಕರೆ ಸಂಜೆಯೊಳಗೆ ಕಾರನ್ನು ಅವಳ ಅಕ್ಕನ ಮನೆ ಬಾಗಿಲಿಗೆ ನಾನೇ ಒಯ್ದು ನಿಲ್ಲಿಸಬಹುದು, ಕೀಲಿ ಅವಳ ಕೈಗೇ ಕೊಡಬಹುದು, ಬೆರಳಿಗೆ ಬೆರಳು ತಾಗಬಹುದು, ಅಷ್ಟೇ, ಅಷ್ಟಕ್ಕೇ ಇಸ್ತ್ರಿ ಅಂಗಿ ಹಾಕಿಕೊಂಡು ಬೆಳಗಿನಿಂದ ಇಲ್ಲಿ ನಿಂತಿದ್ದೇನೆ. ಕಾರು ನಂಗೆ ಬೇಕು, ಆದ್ರೆ ಕಾಗದ ಇಲ್ದೆ ರಸ್ತೆಗಿಳಿಸಲ್ಲ, ಸರಿ ಮಾಡಿಸಿ ಕಳ್ಸಿ, ಅಂದಳು ಫೋನಿನಲ್ಲಿ, ಊಟ ಆಯ್ತಾ ಎಂದು ಕೇಳಲಿಲ್ಲ, ನಾನೂ ಕೇಳಲಿಲ್ಲ, ಮನೆ ಬಿಟ್ಟು ಅಕ್ಕನಲ್ಲಿಗೆ ಹೊರಟ ದಿನ ಅವಳು ಅಂದದ್ದೂ ಇದನ್ನೇ, ನೀವು ಕೇಳಲ್ಲ, ನಾನು ಹೇಳಲ್ಲ, ಇನ್ನೇನಿದೆ ಈ ಮನೇಲಿ — ಚೀಲದ ಜಿಪ್ಪು ಅರ್ಧಕ್ಕೆ ಸಿಕ್ಕಿಕೊಂಡಿತ್ತು, ನಾನು ಅದನ್ನು ಸರಿಮಾಡಿಕೊಟ್ಟೆ, ಕೈಗೆ ಬರುವುದು ಅದೊಂದೇ. ಮೊದಲೆಲ್ಲ ಅವಳು ಕಾರು ತೆಗೆದರೆ ಪಕ್ಕದ ಮನೆಯವರು ನಗುತ್ತಿದ್ದರು, ಏನ್ರೀ, ನಿಮ್ಮ ಕಾರು ಡ್ರೈವರ್ ಇಲ್ದೇನೇ ಓಡ್ತಿದೆಯಲ್ರೀ, ಸ್ಟಿಯರಿಂಗಿನ ಮೇಲೆ ಅವಳ ಕಣ್ಣು, ತುರುಬು, ಅಷ್ಟೇ ಕಾಣುವುದು, ಅವಳೂ ಕಿಟಕಿ ಇಳಿಸಿ, ದಾರಿ ಬಿಡಿ, ದೆವ್ವ ಬರ್ತಿದೆ, ಅನ್ನುವಳು, ನಾನು ಮೀಸೆ ತಿರುವಿಕೊಂಡು, ಪೆಡಲು ನಾನೇ ಮಾಡಿದ್ದು, ನಾನೇ, ಎಂದು ಬೀದಿಗೆಲ್ಲ ಹೇಳಿಕೊಂಡು ತಿರುಗುತ್ತಿದ್ದೆ.

ಯಾರ್ರೀ ಇದನ್ನ ಓಡ್ಸೋದು — ಇನ್‌ಸ್ಪೆಕ್ಟರು ಹೊರಗೆ ಬಂದಿದ್ದಾರೆ, ಹಣೆಗೆ ಗ್ರೀಸು — ನನ್ನ ಹೆಂಡ್ತಿ ಸಾರ್, ಅನ್ನುತ್ತೇನೆ, ಇಲ್ನೋಡಿ ಬಗ್ಗಿ, ಅನ್ನುತ್ತಾರೆ ಅವರು, ಪೂರ್ತಿ ಪಾದ ಇಟ್ಟು ಒತ್ತಿದ್ರೆ ಪೂರ್ತಿ ಸವೀಬೇಕು, ಇಲ್ಲಿ ಕಾಲ್ಹೆಬ್ಬೆರಳಿನ ಗುರುತು ಬಿಟ್ರೆ ಬೇರೆಲ್ಲೂ ಸವೆದೇ ಇಲ್ಲ, ನಿಮ್ಮ ತುಂಡು ಅರ್ಧ ಬೆರಳು ಗಿಡ್ಡ ಆಗಿದೆ ಸ್ವಾಮಿ, ಪಾಪ ಅವ್ರ ಹಿಮ್ಮಡಿ ನೆಲ ಮುಟ್ಟೇ ಇಲ್ಲ. ಬಗ್ಗಿ ನೋಡುತ್ತೇನೆ, ಟಾರ್ಚಿನ ಬೆಳಕಿನಲ್ಲಿ ನಾಣ್ಯದಷ್ಟು ಹೊಳಪು, ಸುತ್ತ ಮಾಸಲು ಲೋಹ, ಗಿಡ್ಡ ಹೇಗಾಯಿತು, ಅವಳನ್ನು ಸೀಟಿನಲ್ಲಿ ಕೂರಿಸಿ ಟೇಪು ಹಿಡಿದು ಅಳೆದವನು ನಾನು, ಕಿಟಕಿ ಕೂರಿಸುವುದೇ ನನ್ನ ಕಸುಬು, ಗೋಡೆಯ ಕಂಡಿ ಅಳೆದು, ಚೌಕಟ್ಟನ್ನು ಅದಕ್ಕಿಂತ ಚೂರು ಚಿಕ್ಕದಾಗಿ ಕತ್ತರಿಸಬೇಕು, ಇಲ್ಲದಿದ್ದರೆ ಒಳಗೆ ಕೂರದು — ಅಯ್ಯೋ — ಅದೇ ಕೈ, ಅದೇ ಗರಗಸ, ಅವಳ ಕಾಲಿನ ಅಳತೆಯಿಂದಲೂ ಚೂರು ಕಳೆದಿದೆ, ಕಿಟಕಿಯ ಸಂದಾದರೆ ಸಿಮೆಂಟು ಮೆತ್ತಿ ಮುಚ್ಚುತ್ತೇವೆ, ಇದನ್ನು ಅವಳು ಕಾಲು ಚಾಚಿ ಮುಚ್ಚಿದಳು, ಇಷ್ಟು ವರ್ಷ, ಸಂಜೆ ಮೀನಖಂಡಕ್ಕೆ ಎಣ್ಣೆ ತಿಕ್ಕಿಕೊಳ್ಳುತ್ತ ಕೂರುತ್ತಿದ್ದಳಲ್ಲ, ಟೀವಿಯ ಬೆಳಕು ಆ ಕಾಲಿನ ಮೇಲೆ, ನಾನು ನೋಡುತ್ತಿದ್ದೆ, ಕೆಲಸಕ್ಕೆ ಹೋಗುವ ಅಂಗಡಿಯಲ್ಲಿ ನಿಂತೂ ನಿಂತೂ ಕಾಲು ಹಿಡಿದಿರಬೇಕು ಎಂದುಕೊಂಡು ಚಾನೆಲ್ ಬದಲಿಸುತ್ತಿದ್ದೆ, ಒಂದು ಮಾತು ಹೇಳಬಾರದಿತ್ತೇ, ಬೀದಿಗೆಲ್ಲ ಡಂಗುರ ಹೊಡೆಯುವವನಿಗೆ ಹೇಗೆ ಹೇಳುತ್ತಾಳೆ.

ಹೀಗೆ ಪಾಸ್ ಮಾಡಕ್ಕಾಗಲ್ಲ, ಅನ್ನುತ್ತಾರೆ ಇನ್‌ಸ್ಪೆಕ್ಟರು, ಈ ತುಂಡು ಬಿಚ್ಚಿಬಿಡಿ, ಬರೀ ಪೆಡಲಿಗೆ ಈಗ್ಲೇ ಕಾಗದ ಕೊಡ್ತೀನಿ, ಇಲ್ಲಾಂದ್ರೆ ಓಡ್ಸೋರ್ನ ಕರ್ಕೊಂಡ್ ಬನ್ನಿ, ಕೂರ್ಸಿ ಅಳತೆ ತಗೊಂಡು ಹೊಸದು ಹಾಕ್ಸಿ, ಅವ್ರೇ ಒತ್ತಿ ತೋರಿಸ್ಲಿ. ಸ್ಪ್ಯಾನರು ಜೇಬಿನಲ್ಲೇ ಇದೆ, ನಾಲ್ಕು ತಿರುವಿಗೆ ಕಳಚುತ್ತದೆ, ಸಂಜೆಯೊಳಗೆ ಆ ಬಾಗಿಲು, ಆ ಕೈ, ಆ ಬೆರಳು — ಆದರೆ ಅವಳಿಗೆ ಎಟುಕದ ಕಾರನ್ನು ಒಯ್ದು ಕೊಟ್ಟರೆ ಕೊಟ್ಟಂತೇನು, ಕರೆದರೆ ಬರುತ್ತಾಳೆಯೇ, ಬರದಿದ್ದರೆ ಈ ಸಂಜೆಯೂ ಇಲ್ಲ, ಸ್ಪ್ಯಾನರು ತೆಗೆಯಲು ಹೋದ ಕೈ ಫೋನು ತೆಗೆದಿದೆ, ರಿಂಗಾಗುತ್ತಿದೆ, ಹಲೋ, ಪಾಸಾಯ್ತಾ, ಅವಳ ದನಿ, ಎಷ್ಟು ಹತ್ತಿರ, ಇಲ್ಲ, ನೀನು ಬರ್ಬೇಕಂತೆ, ಅನ್ನಬೇಕು, ಬಾಯಿಗೆ ಬಂದದ್ದು ಬೇರೆ, ಕಾಲು ನೋಯ್ತಿತ್ತಾ, ಅವಳು ಮೆಲ್ಲಗೆ, ಬಲಗಾಲು, ಅನ್ನುತ್ತಾಳೆ, ಎಡಗಾಲು ಅಷ್ಟಿರ್ಲಿಲ್ಲ — ಬಲಗಾಲು, ಚಾಚಿದ ಹೆಬ್ಬೆರಳು, ಅದರ ಹಿಂದೆ ನೆಲ ಮುಟ್ಟದ ಹಿಮ್ಮಡಿ, ಅರ್ಧ ಬೆರಳು ಮೇಲೆ, ಗಾಳಿಯಲ್ಲಿ, ಇಷ್ಟು ವರ್ಷ.