ಗುರುಸಿದ್ದಯ್ಯನವರು ಪೈಥಾನ್ ಕಟ್ಟಿದ್ದು

ಗುರುಸಿದ್ದಯ್ಯನವರು ಲಷ್ಕರ್ ಮೊಹಲ್ಲಾದ ಒಂದು ಮುದ್ರಣಾಲಯದಲ್ಲಿ ಮೂವತ್ತೊಂದು ವರ್ಷ ಕರಡು ತಿದ್ದಿ ನಿವೃತ್ತರಾದವರು. ಮದುವೆಯ ಕರೆಯೋಲೆ ಕೈಗೆ ಬಂದರೂ ಮುಹೂರ್ತಕ್ಕಿಂತ ಮೊದಲು ಅಕ್ಷರದೋಷ ನೋಡುವ ಅಭ್ಯಾಸ. ದಟ್ಟಗಳ್ಳಿಯ ಅವರ ಬಡಾವಣೆಯ ಸಂಘಕ್ಕೆ ಇಪ್ಪತ್ತೈದು ವರ್ಷ ತುಂಬಿ, ಸ್ಮರಣ ಸಂಚಿಕೆ ಸಿದ್ಧವಾಗುತ್ತಿದೆ ಎಂದು ತಿಳಿದಾಗ ಕನ್ನಡಕ ಒರೆಸಿಟ್ಟುಕೊಂಡು ಕಾದರು. ಯಾರೂ ಕರೆಯಲಿಲ್ಲ. ಕೊನೆಗೆ ತಾವೇ ಹೋಗಿ ಕಾರ್ಯದರ್ಶಿ ಮನೋಹರ್ ಅವರನ್ನು ಕೇಳಿದರು.

“ನಿಮಗ್ಯಾಕೆ ತೊಂದ್ರೆ ಅಂತ ಬುಟ್ಟೆ ಸಾರ್,” ಅಂದರು ಮನೋಹರ್. “ಕಾಗುಣಿತ ನೋಡೋ ಒಂದು ಪ್ರೋಗ್ರಾಂ ಸಿಕ್ತು. ಎಪ್ಪತ್ತು ಪುಟಾನೂ ಒಂದು ನಿಮಿಷದಲ್ಲಿ ಓದಿ, ಒಂದೂ ತಪ್ಪಿಲ್ಲ ಅಂತು.”

“ಒಂದೂ ಇಲ್ವಾ?”

“ಒಂದೂ ಇಲ್ಲ.”

ಎಪ್ಪತ್ತು ಪುಟದಲ್ಲಿ ಒಂದೂ ತಪ್ಪಿಲ್ಲದ ಪುಸ್ತಕವನ್ನು ಗುರುಸಿದ್ದಯ್ಯನವರು ಜೀವಮಾನದಲ್ಲಿ ಕಂಡಿರಲಿಲ್ಲ. ಅದು ಹೇಗೆ ಓದುತ್ತದೋ ನೋಡಿಯೇ ಬಿಡಬೇಕೆಂದು ಸಂಚಿಕೆಯನ್ನೂ ಪ್ರೋಗ್ರಾಮನ್ನೂ ಪೆನ್‌ಡ್ರೈವಿಗೆ ಹಾಕಿಸಿಕೊಂಡು ಮನೆಗೆ ಬಂದರು.

ಮನೆಯ ಕಂಪ್ಯೂಟರ್ ಹದಿನೈದು ವರ್ಷ ಹಳೆಯದು. ಪ್ರೋಗ್ರಾಂ ಓಡಲಿಲ್ಲ. ಪಾಲಿಟೆಕ್ನಿಕ್‌ನಲ್ಲಿ ಪಾಠ ಮಾಡುವ ಮಗಳು ಅನುಪಮಾ ಬಂದು ನೋಡಿದಳು.

“ಅಪ್ಪಾಜಿ, ಇದನ್ನ ಬರೆದಿರೋದು ಪೈಥಾನ್ ಭಾಷೇಲಿ. ಕಂಪ್ಯೂಟರ್‌ಗೆ ಅದನ್ನ ಓದಿ ಹೇಳೋಕೆ ಇಂಟರ್‌ಪ್ರಿಟರ್ ಅಂತ ಒಂದು ಬೇಕು, ದುಭಾಷಿ ಇದ್ದಂಗೆ. ಈ ಹಳೇ ಡಬ್ಬಕ್ಕೆ ಅದು ರೆಡಿಮೇಡ್ ಸಿಗಲ್ಲ. ಸೋರ್ಸ್ ಕೋಡ್, ಅಂದ್ರೆ ಅದರ ಮೂಲ ಬರಹ, ತಂದು ನಾವೇ ಕಟ್ಕೋಬೇಕು.”

“ಕಟ್ಟೋಣ ಬಿಡು.”

“ಎಪ್ಪತ್ತು ಪುಟ ಕಣ್ರೀ,” ಎಂದು ಅಡುಗೆಮನೆಯಿಂದ ಹೆಂಡತಿ ಸಿದ್ದಲಿಂಗಮ್ಮ ಹೇಳಿದರು. “ಕೂತು ಓದಿದ್ರೆ ನಾಳೆಗೆ ಮುಗೀತದೆ.”

“ನಾನು ಓದೋದು ನಂಗೊತ್ತು. ಅದು ಹೆಂಗೆ ಓದ್ತದೆ ಅಂತ ಗೊತ್ತಾಗಬೇಕು.”

ಮರುದಿನ ಬೆಳಿಗ್ಗೆ ಅನುಪಮಾ ಸೋರ್ಸ್ ಕೋಡ್ ಇಳಿಸಿ, ಕಟ್ಟುವ ಕೆಲಸಕ್ಕೆ ಅಣಿಮಾಡಿ, ಒಂದು ಚೀಟಿ ಬರೆದುಕೊಟ್ಟು ಕಾಲೇಜಿಗೆ ಹೊರಟಳು. “make ಅಂತ ಟೈಪ್ ಮಾಡಿ ಎಂಟರ್ ಒತ್ತಿ. ಕಡತಗಳನ್ನ ಒಂದೊಂದಾಗಿ ಕಟ್ಕೊಂಡು ಹೋಗುತ್ತೆ. ಏನಾದ್ರೂ ತಪ್ಪು ಅನ್ನಿಸಿದ್ರೆ ಕಂಟ್ರೋಲ್ ಮತ್ತು ಸಿ ಒತ್ತಿ ನಿಲ್ಸಿ. ಆಮೇಲೆ ಮತ್ತೆ make ಅಂದ್ರೆ ಬಿಟ್ಟಲ್ಲಿಂದ ಶುರುವಾಗುತ್ತೆ.”

ಗುರುಸಿದ್ದಯ್ಯನವರು ಸ್ನಾನ ಮಾಡಿ ಬಂದು make ಎಂದು ಒತ್ತಿದರು. ಸಾಲುಗಳು ಓಡತೊಡಗಿದವು. ಐದು ನಿಮಿಷದ ಮೇಲೆ ಒಂದು ಸಾಲಿನಲ್ಲಿ “warning” ಎಂಬ ಪದ ಕಂಡಿತು. ಕಂಡ ತಪ್ಪನ್ನು ದಾಟಿ ಮುಂದೆ ಹೋಗುವುದು ಅವರಿಂದ ಆಗದ ಕೆಲಸ. ತಕ್ಷಣ ನಿಲ್ಲಿಸಿ, ನೋಟ್‌ಬುಕ್ ತೆಗೆದು ಸಾಲನ್ನು ಅಚ್ಚುಕಟ್ಟಾಗಿ ಬರೆದುಕೊಂಡು, ಕೆಳಗೆ ಕೆಂಪು ಗೆರೆ ಎಳೆದು, ಮತ್ತೆ make ಒತ್ತಿದರು. ಅರೆನಿಮಿಷಕ್ಕೆ ಮತ್ತೊಂದು ಎಚ್ಚರಿಕೆ. ಮತ್ತೆ ನಿಲ್ಲಿಸಿದರು, ಮತ್ತೆ ಬರೆದರು.

ಮಧ್ಯಾಹ್ನ ಅನುಪಮಾ ಬಂದಾಗ ಅನ್ನ ಆರಿತ್ತು. ಗುರುಸಿದ್ದಯ್ಯನವರು ಬೇಸರದಲ್ಲಿದ್ದರು.

“ಬರೆದೋರು ಬಲು ಅಜಾಗರೂಕರು ಕಣಮ್ಮ. ಹೆಜ್ಜೆಗೊಂದು ತಪ್ಪು.”

ಅವಳು ನೋಟ್‌ಬುಕ್ ತಿರುವಿದಳು. “ಅಪ್ಪಾಜಿ, ಹದಿನಾಲ್ಕು ಸಲಾನೂ ಒಂದೇ ಸಾಲು ಬರೆದಿದೀರ.”

“ಅದೇ ತಪ್ಪು ಮತ್ತೆ ಮತ್ತೆ ಮಾಡಿದ್ರೆ ನಾನೇನು ಮಾಡ್ಲಿ?”

“ಆ ಕಡತ ಮುಗಿಯೋಕೆ ಮುಂಚೇನೇ ನೀವು ನಿಲ್ಲಿಸ್ತಾ ಇದೀರ. ಅದಕ್ಕೆ ಅದು ಪಾಪ ಅದೇ ಕಡತಾನ ಮೊದಲಿಂದ ಶುರು ಮಾಡ್ತಾ ಇದೆ. ವಾರ್ನಿಂಗ್ ಅಂದ್ರೆ ಬರೀ ಎಚ್ಚರಿಕೆ. ಎರರ್ ಬಂದ್ರೆ ಅದೇ ನಿಲ್ಲುತ್ತೆ.”

ಗುರುಸಿದ್ದಯ್ಯನವರು ನೋಟ್‌ಬುಕ್ಕನ್ನು ನಿಧಾನವಾಗಿ ಮುಚ್ಚಿದರು. ಈ ಸಲ ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂತರು. ಎಚ್ಚರಿಕೆಗಳು ಬಂದವು, ಹೋದವು. ಒಂದೊಂದಕ್ಕೂ ಅವರ ಹುಬ್ಬು ಕುಣಿಯುತ್ತಿತ್ತು. ಮುಕ್ಕಾಲು ಗಂಟೆಯಲ್ಲಿ ಕಟ್ಟುವುದು ಮುಗಿಯಿತು. ಆದರೆ ಸ್ಥಾಪಿಸುವ ಕೊನೆಯ ಹಂತದಲ್ಲಿ ನಿಜವಾದ ಎರರ್ ಬಂದು ನಿಂತಿತು: ಕುಗ್ಗಿಸಿಟ್ಟ ಕಡತಗಳನ್ನು ಬಿಡಿಸುವ ‘ಲೈಬ್ರರಿ’ ಎಂಬ ಒಂದು ಸಣ್ಣ ಸಹಾಯಕ ಪ್ರೋಗ್ರಾಂ ಈ ಕಂಪ್ಯೂಟರಿನಲ್ಲಿ ಇರಲೇ ಇಲ್ಲ. ಅನುಪಮಾ ಅದನ್ನು ಹುಡುಕಿ ಹಾಕಿದಳು. ಅದನ್ನು ಸೇರಿಸಿಕೊಳ್ಳಲು ಈ ಸಲ ಬಿಟ್ಟಲ್ಲಿಂದಲ್ಲ, ಮೊದಲಿಂದಲೇ ಕಟ್ಟಬೇಕಾಯಿತು; ಮತ್ತೆ ಮುಕ್ಕಾಲು ಗಂಟೆ. ಸಂಜೆ ಐದಕ್ಕೆ ಪರದೆಯ ಮೇಲೆ ಮೂರು ಬಾಣದ ಗುರುತು ಮೂಡಿ, ಪೈಥಾನ್ ಅವರ ಮಾತಿಗೆ ಕಾದು ಕುಳಿತಿತು.

ನಂತರ ಸಂಚಿಕೆಯನ್ನು ಪ್ರೋಗ್ರಾಮಿಗೆ ಕೊಟ್ಟರು. ಹಳೆಯ ಕಂಪ್ಯೂಟರ್ ಐದು ನಿಮಿಷ ಏದುಸಿರು ಬಿಟ್ಟು ಉತ್ತರ ಕೊಟ್ಟಿತು: ತಪ್ಪುಗಳು, ಸೊನ್ನೆ.

ಗುರುಸಿದ್ದಯ್ಯನವರ ಮುಖ ಇಳಿಯಿತು. “ಸರಿ ಬಿಡು. ನಮ್ಮ ಕಾಲ ಮುಗೀತು.”

ಕಾಫಿ ತಂದ ಸಿದ್ದಲಿಂಗಮ್ಮ ಪರದೆಗೆ ಬಗ್ಗಿದರು. “ಸಂಘಕ್ಕೆ ಕುರ್ಚಿ ಕೊಟ್ಟಿದ್ವಲ್ಲ, ನಮ್ಮ ಹೆಸರು ಹಾಕಿದಾರಾ ನೋಡಮ್ಮ.” ಅನುಪಮಾ ಪುಟ ಸರಿಸಿದಳು. ಸಿದ್ದಲಿಂಗಮ್ಮ ಬೆರಳಿಟ್ಟು ಓದಿದರು. “ರೀ, ಇದೇನ್ರೀ? ನಮ್ಮನ್ನ ದನಗಳ ಪಟ್ಟಿಗೆ ಸೇರಿಸವ್ರೆ.”

ಗುರುಸಿದ್ದಯ್ಯನವರು ಕನ್ನಡಕ ಹಾಕಿಕೊಂಡರು. ‘ದಾನಿಗಳ ಪಟ್ಟಿ’ ಎಂದಿರಬೇಕಾದಲ್ಲಿ, ದಪ್ಪಕ್ಷರದಲ್ಲಿ, ‘ದನಗಳ ಪಟ್ಟಿ’ ಎಂದಿತ್ತು. ಕಾಗುಣಿತದಲ್ಲಿ ದೋಷವೇನೂ ಇರಲಿಲ್ಲ. ಪಟ್ಟಿಯ ಮೊದಲ ಹೆಸರು ಮನೋಹರ್.

ಅವರು ಫೋನ್ ಮಾಡಿ ಪುಟದ ಸಂಖ್ಯೆಯನ್ನಷ್ಟೇ ಹೇಳಿದರು. ಆ ಕಡೆ ಪುಟ ತಿರುವುವ ಸದ್ದು ಕೇಳಿತು.

“ಸಾರ್,” ಅಂದರು ಮನೋಹರ್, “ಪ್ರೆಸ್ಸಿಗೆ ಎರಡು ದಿನ ತಡೀರಿ ಅಂತ ಹೇಳ್ತೀನಿ. ನೀವು ಒಂದ್ಸಲ ಕಣ್ಣಾಡಿಸ್ಬುಡಿ.”

ಎರಡು ದಿನದಲ್ಲಿ ಇನ್ನೂ ಇಪ್ಪತ್ತಮೂರು ತಪ್ಪು ಸಿಕ್ಕವು. ಆದರೂ ಪ್ರೋಗ್ರಾಮಿನ ಮೇಲೆ ಅವರಿಗೆ ಸಿಟ್ಟಿರಲಿಲ್ಲ. ಹೊಸದಾಗಿ ಕೆಲಸಕ್ಕೆ ಸೇರಿದ, ಅಚ್ಚುಮೊಳೆ ಜೋಡಿಸುವ ಕಂಪೋಸಿಟರನ ಬಗ್ಗೆ ಮಾತಾಡುವಂತೆ ಮಗಳಿಗೆ ಹೇಳಿದರು:

“ಅದಕ್ಕೆ ಅಕ್ಷರ ಬರ್ತದೆ, ಲೋಕ ಗೊತ್ತಿಲ್ಲ. ‘ದನ’ ಅಂತ ಬಂದಾಗ ಪಕ್ಕದಲ್ಲಿ ಮನುಷ್ಯರ ಹೆಸರಿದ್ರೆ ನಿಂತು ಕೇಳು ಅಂತ ಹೇಳಿಕೊಡೋಕೆ ಆಗಲ್ವಾ?”

“ಆಗುತ್ತೆ. ಆದ್ರೆ ನೀವು ಪೈಥಾನ್ ಕಲೀಬೇಕು.”

“ಕಲಿಯೋಣ,” ಎಂದು ಗುರುಸಿದ್ದಯ್ಯನವರು ಕುರ್ಚಿ ಎಳೆದುಕೊಂಡರು. “ಇದರಲ್ಲಿ ಒತ್ತಕ್ಷರ ಇದೆಯಾ?”